ಹೆಸರು ಹೇಳಬಾರದ ಕಷಾಯ

ನಮ್ಮ ಮಾಮಾನಂಥವರನ್ನು ಹಿಡಿದು ಒಳಗೆ ಹಾಕುವುದಕ್ಕೆ ಈ ದೇಶದ ಕಾನೂನಿನಲ್ಲಿ ಒಂದೇ ಒಂದು ಕಲಮು ಇಲ್ಲವಲ್ಲ, ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೇನಿದೆ? ಹಾಗಂತ ಆತ ಕಳ್ಳನಲ್ಲ, ಸುಳ್ಳನಲ್ಲ. ಬೀಡಿ ಸೇದುವುದಿಲ್ಲ, ಎಲೆ ಅಡಿಕೆ ಕೂಡ ಹಾಕುವುದಿಲ್ಲ. ಆತನ ಅಪರಾಧ ಒಂದೇ. ಎದುರಿಗೆ ಸಿಕ್ಕವರ ಹೊಟ್ಟೆಯನ್ನು ತನ್ನ ಸ್ವಂತ ಹೊಲವೆಂದು ತಿಳಿದು ಹೇಳದೆ ಕೇಳದೆ ಇಳಿದುಬಿಡುತ್ತಾನೆ! ನನ್ನ ಹೊಟ್ಟೆಯಲ್ಲಿ ಪೂರಾ ಎರಡು ತಿಂಗಳು ಬೇಸಾಯ ಮಾಡಿದ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಬರೆದರಾದರೂ ಇಳಿದೀತು ಎಂದು ಬರೆಯುತ್ತಿದ್ದೇನೆ.

ಮಾಮಾ ಅಂದರೆ ನನ್ನ ತಾಯಿಯ ಖಾಸ ಅಣ್ಣ. ಇರುವುದು ಮುಂಡರಗಿ ತಾಲ್ಲೂಕಿನ ಡೋಣಿಯಲ್ಲಿ, ಕಪ್ಪತಗುಡ್ಡದ ಬುಡಕ್ಕೆ. ಹೊಲ ಇದೆ, ಎತ್ತು ಇವೆ, ಆದರೆ ಹೊಲದಲ್ಲಿ ಆತನನ್ನು ಕಂಡವರು ಕಡಿಮೆ. ಹೆಗಲಿಗೊಂದು ಚೀಲ ಹಾಕಿಕೊಂಡು ಗುಡ್ಡ ಹತ್ತುವುದು, ಬೇರು ತೊಪ್ಪಲು ಕಿತ್ತು ತರುವುದು, ಅರೆದು ಮಂದಿಗೆ ಕುಡಿಸುವುದು. ಇಷ್ಟೇ ಆತನ ಬದುಕು. ಹೊಟ್ಟೆ ಬೇನೆಗೆ ಆತನದು ದೊಡ್ಡ ಹೆಸರು. ಲಕ್ಷ್ಮೇಶ್ವರ, ಶಿರಹಟ್ಟಿಯಿಂದಲೂ ಹೊಟ್ಟೆ ಹಿಡಿದುಕೊಂಡು ಬರುತ್ತಿದ್ದರು. ಗುಣವಾದವರು ಒಂದು ತೆಂಗಿನಕಾಯಿ ತಂದು ಕೊಟ್ಟರೂ ಆತ ಮುಟ್ಟುತ್ತಿರಲಿಲ್ಲ.

ಇದೆಲ್ಲ ಒಳ್ಳೆಯದೇ, ಯಾರು ಬೇಡವೆಂದರು? ಆದರೆ ಆತನಿಗೊಂದು ನೇಮ ಇತ್ತು. ಔಷಧಕ್ಕೆ ಹಾಕುವ ಯಾವ ವಸ್ತುವಿನ ಹೆಸರನ್ನೂ ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಗುಣ ಹೋಗುತ್ತದೆ! ಆತನ ಅಪ್ಪ ಕೂಡ ಹೇಳಿಕೊಟ್ಟವನಲ್ಲ. ಗುಡ್ಡಕ್ಕೆ ಕರೆದುಕೊಂಡು ಹೋಗಿ ಬರೀ ಬೆರಳು ಮಾಡಿ ತೋರಿಸಿದ್ದನಂತೆ. ಈ ನೇಮವನ್ನು ಮಾಮಾ ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಅಡುಗೆಮನೆಯಲ್ಲೂ ಬಿಡುತ್ತಿರಲಿಲ್ಲ. ನಮ್ಮ ಮನೆಗೆ ಊಟಕ್ಕೆ ಬಂದಾಗ ನನ್ನ ಹೆಂಡತಿಗೆ ಹೇಳುತ್ತಿದ್ದ:

“ಯವ್ವಾ, ಮಜ್ಜಿಗಿಗೆ ಆ ಸಣ್ಣಂದು ಒಂದು ಚಿಟಿಕಿ ಹಾಕಿ ಒಗ್ಗರಣಿ ಕೊಡು.”

“ಸಣ್ಣಂದು ಅಂದ್ರ ಸಾಸಿವಿ ಏನ್ರಿ ಮಾಮಾರ?”

“ಅಲ್ಲ ಯವ್ವಾ. ಉದ್ದಂದು.”

“ಸಣ್ಣಂದು ಅಂತೀರಿ, ಉದ್ದಂದು ಅಂತೀರಿ! ತಡೀರಿ, ಡಬ್ಬಿನ ತರತೀನಿ.”

ಆಕೆ ಒಗ್ಗರಣೆ ಡಬ್ಬಿಯನ್ನೇ ಹೊತ್ತು ತರಬೇಕು, ಆತ ಬೆರಳು ಮಾಡಿ ತೋರಿಸಬೇಕು. ಸಂತೆಗೆ ಹೋದರೂ ಇದೇ ಕಥೆ. ಒಂದು ಸಲ ಹಣ್ಣು ಮಾರುವಾಕೆಯ ಮುಂದೆ ಕೂತು ಬರೀ ಕೈಸನ್ನೆಯಲ್ಲಿ ನಾಲ್ಕು ಹಣ್ಣು ಆರಿಸಿದ. ಆಕೆ ಪಾಪ, ಈತ ಮೂಕನೆಂದು ತಿಳಿದು ಕಣ್ಣಲ್ಲಿ ನೀರು ತಂದುಕೊಂಡು ಐದನೆಯದನ್ನು ಪುಕ್ಕಟೆ ಹಾಕಿದಳು. “ದೇವರು ನಿನ್ನ ಚಲೋ ಇಡಲವಾ” ಎಂದು ಮಾಮಾ ಹರಸಿದ. ಮೂಕ ಮಾತಾಡಿದ್ದು ಕೇಳಿ ಆಕೆ ತಕ್ಕಡಿಯನ್ನೇ ಕೈಬಿಟ್ಟಳು!

ಈಗ ನನ್ನ ಹೊಟ್ಟೆಯ ವಿಷಯಕ್ಕೆ ಬರುತ್ತೇನೆ. ಗದಗ ಆಗಷ್ಟೇ ಹೊಸ ಜಿಲ್ಲೆಯಾಗಿತ್ತು. ಊರಿಗೆಲ್ಲ ಸಂಭ್ರಮ, ನನ್ನಂಥ ಮುದ್ರಕರಿಗೆ ಮಾತ್ರ ಊಟಕ್ಕೂ ಪುರಸೊತ್ತಿಲ್ಲ. ಬೆಟಗೇರಿಯಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು, ಕಾಲಿನಿಂದ ತುಳಿಯುವ ಒಂದು ಯಂತ್ರ, ನಾಲ್ಕು ಕೇಸು ಅಚ್ಚುಮೊಳೆ. ಅಂಗಡಿ, ಶಾಲೆ, ಸೊಸೈಟಿ, ಎಲ್ಲರ ಕಾಗದದ ಮೇಲೂ ‘ಧಾರವಾಡ ಜಿಲ್ಲಾ’ ಹೋಗಿ ‘ಗದಗ ಜಿಲ್ಲಾ’ ಬರಬೇಕು, ಅದೂ ನಾಳೆಯೇ ಬರಬೇಕು! ಇಡೀ ಜಿಲ್ಲೆ ನನ್ನ ಮೊಳೆಗಳಿಂದಲೇ ಹುಟ್ಟುತ್ತಿದೆ ಎಂಬ ಜಂಭದಲ್ಲಿ ನಾನು ಊಟ ಬಿಟ್ಟೆ. ಮಿರ್ಚಿ ಭಜಿ, ಮಂಡಕ್ಕಿ ಗಿರ್ಮಿಟ್ಟು, ಮೇಲೆ ಸಕ್ಕರೆ ಜಾಸ್ತಿ ಹಾಕಿದ ಚಹಾ, ಮತ್ತೆ ಮಿರ್ಚಿ. ನಡುವೆ ಗಂಟಲು ಬೇನೆ, ಜ್ವರ ಬಂದಾಗಲೆಲ್ಲ ಔಷಧ ಅಂಗಡಿಯಿಂದ ನಾನೇ ಕ್ಯಾಪ್ಸೂಲು ತಂದು ನುಂಗಿದೆ. ಆರು ತಿಂಗಳಾಗುವಷ್ಟರಲ್ಲಿ ಹೊಟ್ಟೆ ಉಬ್ಬರ, ಉಂಡರೆ ಉರಿ, ನಾಲಗೆ ಸುಣ್ಣ ಬಳಿದಂತೆ ಬೆಳ್ಳಗೆ.

ಹೆಂಡತಿ ಡಾಕ್ಟರ್ ಬಾಯಾರ ಹತ್ತಿರ ಎಳೆದುಕೊಂಡು ಹೋದಳು. ನಮ್ಮ ಓಣಿಯ ತುದಿಯಲ್ಲೇ ಈ ಲೇಡಿ ಡಾಕ್ಟರ ದವಾಖಾನೆ. ಅವರು ನಾಲಗೆ ನೋಡಿದರು, ಹೊಟ್ಟೆ ಒತ್ತಿದರು, ಪರೀಕ್ಷೆ ಮಾಡಿಸಿದರು.

“ಕರುಳಿಗೆ ಬಾವು ಬಂದದ್ರಿ. ಅದರ ಜೋಡಿ ಈಸ್ಟ್ ಬೆಳದದ. ದೋಸಿ ಹಿಟ್ಟು ಉಬ್ಬತದಲ್ಲ, ಅಂಥಾ ಕಣ್ಣಿಗೆ ಕಾಣದ ಬೂಷ್ಟು. ಎಲ್ಲಾರ ಹೊಟ್ಟಿಯೊಳಗೂ ಸ್ವಲ್ಪ ಇರತದ. ನೀವು ಕ್ಯಾಪ್ಸೂಲು ನುಂಗಿ ನುಂಗಿ ಅದನ್ನ ಹದ್ದಿನಾಗ ಇಡೋ ಒಳ್ಳೇ ಜೀವಾಣುಗಳನ್ನ ಕೊಂದೀರಿ. ಈಗ ಅದಕ್ಕ ಹೇಳೋರಿಲ್ಲ, ಕೇಳೋರಿಲ್ಲ.”

ಗುಳಿಗೆ ಬರೆದುಕೊಟ್ಟರು. ಸಕ್ಕರೆ ಬಿಡಿ, ಮೈದಾ ಬಿಡಿ, ಮಿರ್ಚಿಯ ಮುಖ ನೋಡಬೇಡಿ ಎಂದರು. ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ನನ್ನ ಹೆಂಡತಿ ಡೋಣಿ ಬಸ್ಸಿನ ಕಂಡಕ್ಟರನಿಗೆ ಖಬರ ಕೊಟ್ಟು ಕಳಿಸಿದಳು: “ಇವರ ಹೊಟ್ಟ್ಯಾಗ ದೋಸಿ ಹಿಟ್ಟಿನಂಗ ಏನೋ ಉಬ್ಬಾಕತ್ತೈತಿ ಅಂತ ಮಾಮಾಗ ಹೇಳ್ರಿ.” ಕಂಡಕ್ಟರ್ ಇದನ್ನು ಟಿಕೆಟ್ ಹರಿಯುತ್ತ ಬಸ್ಸಿನ ತುಂಬ ಹೇಳಿದ. ಡೋಣಿ ಮುಟ್ಟುವುದರೊಳಗೆ ಮುಂಡರಗಿ ತಾಲ್ಲೂಕಿನ ಅರ್ಧ ಜನಕ್ಕೆ ನನ್ನ ಹೊಟ್ಟೆಯೊಳಗಿನ ಹಿಟ್ಟಿನ ಅಳತೆ ಗೊತ್ತಾಗಿತ್ತು.

ಮರುದಿನ ಮಾಮಾ ಮನೆಗೆ ಬರಲಿಲ್ಲ, ನೇರ ಪ್ರೆಸ್ಸಿಗೇ ಬಂದ. ಯಂತ್ರ ನಡೆದಿದೆ, ಇಬ್ಬರು ಕೆಲಸದವರಿದ್ದಾರೆ, ಶಿರಹಟ್ಟಿಯ ಕಚೇರಿಯಿಂದ ಪ್ರೂಫ್ ನೋಡಲು ಒಬ್ಬ ಸಾಹೇಬರು ಬಂದು ಕೂತಿದ್ದಾರೆ. ಮಾಮಾ ಬಾಗಿಲಲ್ಲೇ ನಿಂತು ಗುಡುಗಿದ:

“ನಾಲಿಗಿ ಚಾಚು!”

“ಮಾಮಾ, ಮಂದಿ ಅದಾರ...”

“ಮಂದಿಗೇನು ನಾಲಿಗಿ ಇಲ್ಲೇನು? ಚಾಚು ಅಂದೆ!”

ಏನು ಮಾಡಲಿ? ಚಾಚಿದೆ. ಪಕ್ಕಕ್ಕೆ ತಿರುಗಿ ನೋಡಿದರೆ ಸಾಹೇಬರೂ ಚಾಚಿಕೊಂಡು ಕೂತಿದ್ದಾರೆ! ಮಾಮಾ ನನ್ನನ್ನು ಬಿಟ್ಟು ಅವರದನ್ನೇ ಮೊದಲು ನೋಡಿದ. “ನಿಮಗ ಪಿತ್ತ ಐತ್ರಿ. ಕುಂಡ್ರಿ, ಕೊಡತೀನಿ” ಎಂದ. ಲೆಟರ್‌ಹೆಡ್ ಒಯ್ಯಲು ಬಂದವರು ಪುಡಿಯ ಪೊಟ್ಟಣ ಹಿಡಿದುಕೊಂಡು ಹೋದರು. ಲೆಟರ್‌ಹೆಡ್ ಒಂದು ವಾರ ನನ್ನ ಮೇಜಿನ ಮೇಲೇ ಉಳಿಯಿತು.

ನಾಲ್ಕು ದಿನ ಇರುತ್ತೇನೆಂದು ಬಂದವ ಬೇರೂರಿದ. ಮುಂಜಾನೆ ಸೂರ್ಯ ಹುಟ್ಟುವ ಮೊದಲು ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದ. ಒಳಗೆ ಅರೆಯುವ ಸಪ್ಪಳ. ಹೆಂಡತಿ ಚಹಾ ಮಾಡಲಿಕ್ಕೂ ಹೊರಗೇ ಕಾಯಬೇಕು. ನನ್ನ ಮನೆ, ನನ್ನ ಒಲೆ, ಪ್ರವೇಶ ಮಾತ್ರ ನನಗಿಲ್ಲ! ಆಮೇಲೆ ಹಿತ್ತಾಳೆ ತಂಬಿಗೆಯಲ್ಲಿ ಹಸಿರು ಕಪ್ಪು ಕಷಾಯ ಬರುತ್ತಿತ್ತು. ಮೂಡಲಕ್ಕೆ ಮುಖ ಮಾಡಿ ಒಂದೇ ಗುಟುಕಿಗೆ ಕುಡಿಯಬೇಕು, ಬಿಸಿಲು ಹೊಸ್ತಿಲಿಗೆ ಬರುವ ತನಕ ತುಟಿ ಬಿಚ್ಚಬಾರದು. ಆ ಕಹಿ ಹೇಗಿತ್ತೆಂದರೆ, ಬೈಯಬೇಕೆಂದು ಬಾಯಿಗೆ ಬಂದ ಮಾತೆಲ್ಲ ಅಲ್ಲೇ ಸತ್ತುಹೋಗುತ್ತಿತ್ತು. ಬಿಸಿಲು ಬರುವುದನ್ನು ಅಷ್ಟು ಆಸೆಯಿಂದ ನಾನು ಜನ್ಮದಲ್ಲಿ ಕಾದಿಲ್ಲ. ಬಂದ ಕೂಡಲೇ ಕೇಳುತ್ತಿದ್ದೆ:

“ಇದರಾಗ ಏನೈತಿ?”

“ಔಷಧ ಐತಿ.”

“ಅದ ಯಾವ ಔಷಧ?”

“ಹೊಟ್ಟೀದು.”

“ಹೆಸರು ಕೇಳಾಕತ್ತೀನಿ, ಮಾಮಾ!”

“ಹೆಸರು ಹೇಳಿದರ ಗುಣ ಹೋಗತೈತಿ, ಅಳ್ಯಾ. ನಿನಗ ಹೆಸರು ಬೇಕೋ, ಗುಣ ಬೇಕೋ?”

ನೋಡಿ, ಸಿಟ್ಟು ಬರಬಾರದೇ? ನಾನು ಮುದ್ರಕ. ಡಬ್ಬಿಯ ಮೇಲೆ, ಪೊಟ್ಟಣದ ಮೇಲೆ, ಮದುವೆ ಕಾಗದದ ಮೇಲೆ ಮಂದಿಯ ಹೆಸರು, ವಸ್ತುವಿನ ಹೆಸರು ಒತ್ತಿಯೇ ಹೊಟ್ಟೆ ಹೊರೆಯುವವ. ಅಂಥವನ ಹೊಟ್ಟೆಗೆ ಹೆಸರೇ ಇಲ್ಲದ ವಸ್ತು! ಹೆಂಡತಿಗೆ ದೂರು ಕೊಟ್ಟರೆ ಆಕೆ, “ಗುಣ ಆಗಾಕತ್ತೈತಿಲ್ಲೋ? ಸುಮ್ಮ ಕುಡೀರಿ. ಲಗ್ನಕ್ಕ ಮುಂಚೆ ನನ್ನ ಹೆಸರನೂ ನೀವು ಕೇಳಿರಲಿಲ್ಲ” ಎಂದಳು. ಇದಕ್ಕೂ ಅದಕ್ಕೂ ಏನು ಸಂಬಂಧವೋ ನನಗೆ ಇವತ್ತಿಗೂ ತಿಳಿದಿಲ್ಲ.

ಪಥ್ಯದ ಮಾತು ಕೇಳಲೇಬೇಡಿ. ಗದಗಿನಲ್ಲಿದ್ದುಕೊಂಡು ಮಿರ್ಚಿ ಬಿಡುವುದೆಂದರೆ ಸಾಮಾನ್ಯವೇ? ಸಂಜೆ ನಾಲ್ಕಾದರೆ ಓಣಿ ಓಣಿಯಲ್ಲೂ ಎಣ್ಣೆ ಕಾಯುತ್ತದೆ. ಮೂರು ವಾರ ತಡೆದೆ. ನಾಲ್ಕನೆಯ ವಾರ ಪ್ರೂಫ್ ಕೊಡುವ ನೆಪ ಮಾಡಿ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಅಲ್ಲಿ ನನ್ನ ಗುರುತಿನವರು ಯಾರೂ ಇಲ್ಲ. ಬಸ್ ನಿಲ್ದಾಣದ ಹತ್ತಿರ ಒಬ್ಬ ಚಾಚಾನ ಬಂಡಿ. ಬಾಣಲೆಯಲ್ಲಿ ಮಿರ್ಚಿ ಹೊರಳುತ್ತಿದ್ದವು. ನಾಲ್ಕು ಕೊಡಿ ಎಂದು ಕೈ ಚಾಚಿದೆ. ಚಾಚಾ ಜಾರಿ ಸೌಟು ಎತ್ತಿದವರು ನನ್ನ ಬೆರಳು ನೋಡಿ ನಿಂತುಬಿಟ್ಟರು.

“ನೀವು ಪ್ರೆಸ್ಸಿನವರೇನ್ರಿ?”

“ಹೌದ್ರಿ. ಯಾಕ?”

“ಡೋಣಿ ಮಾಮಾರ ಅಳ್ಯಾ?”

ನಾನು ಚಾಚಿದ ಕೈಯನ್ನು ಹಿಂದಕ್ಕೆ ತಗೊಂಡೆ.

“ಕೊಡಂಗಿಲ್ರಿ” ಎಂದರು ಚಾಚಾ, ಜಾರಿ ಕೆಳಗಿಟ್ಟು. “ಹೋದ ವರ್ಷ ನನ್ನ ಹೊಟ್ಟಿ ಉಳಿಸಿದವರು ಅವರು. ಬೆರಳಿಗೆ ಕರೀ ಮಸಿ ಹತ್ತಿದ ಕನ್ನಡಕದ ಮನುಷ್ಯಾ ಬಂದರ ಮಿರ್ಚಿ ಕೊಡಬ್ಯಾಡ ಅಂತ ಖಬರ ಕಳಿಸ್ಯಾರ. ಮಜ್ಜಿಗಿ ಐತಿ, ಕುಡೀತೀರೇನು?”

ಯಾವ ಯಾವ ಬಂಡಿಗೆ ಈ ಫರ್ಮಾನು ಹೋಗಿತ್ತೋ! ಗದಗ ಬೆಟಗೇರಿಯಲ್ಲಿ ಬೆರಳಿಗೆ ಮಸಿ ಹತ್ತಿದ ಕನ್ನಡಕದ ಮಂದಿಗೇನು ಬರವೇ? ನನ್ನ ಒಬ್ಬನ ದೆಸೆಯಿಂದ ಎಷ್ಟು ಜನ ಮುದ್ರಕರು ಆ ತಿಂಗಳು ಮಿರ್ಚಿಯಿಲ್ಲದೆ ಹಿಂದಿರುಗಿದರೋ, ಅವರೆಲ್ಲರ ಶಾಪ ಮಾಮಾನಿಗೇ ತಟ್ಟಲಿ ಎಂದುಕೊಂಡು ಬಸ್ಸು ಹತ್ತಿದೆ. ಮಜ್ಜಿಗೆ ಮಾತ್ರ ಚೆನ್ನಾಗಿತ್ತು.

ಎರಡು ತಿಂಗಳಿಗೆ ನಾಲಗೆ ತಿಳಿಯಾಯಿತು. ಉಬ್ಬರ ಇಳಿಯಿತು. ಅದು ಡಾಕ್ಟರ್ ಬಾಯಾರ ಗುಳಿಗೆಯಿಂದ ಎಂದು ನಾನು, ಕಷಾಯದಿಂದ ಎಂದು ಮಾಮಾ. ಹೀಗೆ ವಾದ ಮಾಡುತ್ತಿದ್ದಾಗಲೇ ಒಂದು ದಿನ ಹೆಂಡತಿ ನನ್ನ ಮುಖ ನೋಡಿ, “ಅಲ್ರಿ, ನಿಮ್ಮ ಕಣ್ಣು ಯಾಕ ಹಳದಿ ಆಗ್ಯಾವು?” ಎಂದಳು. ನನಗೂ ಎರಡು ದಿನದಿಂದ ಅನ್ನ ಸೇರುತ್ತಿರಲಿಲ್ಲ. ಮತ್ತೆ ದವಾಖಾನೆ, ಮತ್ತೆ ರಕ್ತ ಪರೀಕ್ಷೆ. ಚೀಟಿ ನೋಡುತ್ತ ಡಾಕ್ಟರ್ ಬಾಯಾರ ಮುಖದ ನಗು ಹೋಯಿತು.

“ಲಿವರ್‌ಗೆ ಪೆಟ್ಟು ಬಿದ್ದದ್ರಿ. ನನ್ನ ಗುಳಿಗಿಯಿಂದ ಆಗಿರಬಹುದು, ಇಲ್ಲಾ ಬ್ಯಾರೆ ಏನರ ತಗೋತಿದ್ದರ ಅದರಿಂದ ಆಗಿರಬಹುದು. ಏನರ ತಗೋತೀರೇನು?”

“ಕಷಾಯ ಕುಡೀತೀನ್ರಿ.”

“ಯಾತರದು?”

ನಾನು ನೆಲ ನೋಡಿದೆ. “ಗೊತ್ತಿಲ್ರಿ.”

ಅವರು ಪೆನ್ನು ಕೆಳಗಿಟ್ಟರು. “ಎರಡು ತಿಂಗಳು ಕುಡದೀರಿ, ಏನು ಅಂತ ಗೊತ್ತಿಲ್ಲ? ಇವತ್ತಿಂದ ಗುಳಿಗಿನೂ ಬಂದ್, ಕಷಾಯನೂ ಬಂದ್. ಅದರಾಗ ಏನೇನು ಇತ್ತು ಅಂತ ನನಗ ತಿಳೀಬೇಕು. ತಿಳೀದ ನಾ ಮುಂದ ಏನು ಕೊಡಲಿ? ಇದು ಹುಡುಗಾಟಕಿ ಅಲ್ಲ. ಲಿವರ್ ಕೈಕೊಟ್ಟರ ಮನುಷ್ಯಾ ಉಳಿಯೂದು ಕಷ್ಟ.”

ಹೆಂಡತಿ ಸೆರಗು ಬಾಯಿಗಿಟ್ಟುಕೊಂಡಳು. ನಾನು ಮನೆಗೆ ಬಂದವನೇ ಮಾಮಾನ ಮೇಲೆ ಹರಿಹಾಯ್ದೆ. ಹೆಸರು ಹೇಳು ಎಂದೆ. ಆತ ಮೊದಲ ಸಲ ತಮಾಷೆ ಮಾಡಲಿಲ್ಲ.

“ನಮ್ಮಪ್ಪ ಸಾಯೋವಾಗ ಕೈಮ್ಯಾಲೆ ಕೈ ಹಾಕಿಸಿಕೊಂಡಾನ, ಅಳ್ಯಾ. ಹೆಸರು ಬಾಯಾಗ ಬಂದರ ನನ್ನ ಕೈಗುಣ ಹೋಗತೈತಿ. ನಿನಗಷ್ಟ ಅಲ್ಲ, ಮುಂದ ಯಾರಿಗೂ ಕೊಡಾಕ ಬರಂಗಿಲ್ಲ.”

“ಹಂಗಾರ ಖರೆ ಹೇಳಿಬಿಡು. ನಿನಗ ತಂಗಿ ಮಗನಕಿಂತ ತೊಪ್ಪಲಾನ ಹೆಚ್ಚು!”

ಇದನ್ನು ನಾನು ಅನ್ನಬಾರದಿತ್ತು. ಮಾಮಾ ನನ್ನನ್ನು ನೋಡಿದ, ಚೀಲ ಹೆಗಲಿಗೆ ಹಾಕಿಕೊಂಡ, ಚಪ್ಪಲಿ ಮೆಟ್ಟಿ ಹೊರಟುಹೋದ. ಆತನ ಊಟದ ತಾಟು ಹಾಗೇ ಇತ್ತು. ಹೋಗಲಿ, ಪೀಡೆ ತೊಲಗಿತು ಎಂದು ಜೋರಾಗಿ ಹೇಳಿದೆ. ಕೇಳಿಸಿಕೊಳ್ಳಲು ಹೆಂಡತಿ ಕೂಡ ಅಲ್ಲಿರಲಿಲ್ಲ, ಒಳಗೆ ಅಳುತ್ತಿದ್ದಳು.

ಮರುದಿನ ಮುಂಜಾನೆ ಹೆಂಡತಿಯ ಜೊತೆ ದವಾಖಾನೆಗೆ ಹೋದರೆ ಬೆಂಚಿನ ಮೇಲೆ ಮಾಮಾ! ಹಿಂದಿನ ದಿನವೇ ಡೋಣಿಗೆ ಹೋಗಿ, ಹೊತ್ತು ಮುಳುಗುವುದರೊಳಗೆ ಗುಡ್ಡ ಹತ್ತಿ ಇಳಿದು, ಮೊದಲ ಬಸ್ಸಿಗೆ ತಿರುಗಿ ಬಂದಿದ್ದ. ಧೋತರದ ಅಂಚಿಗೆಲ್ಲ ಮುಳ್ಳು. ನನ್ನ ಜೊತೆ ಮಾತಾಡಲಿಲ್ಲ. ನಮ್ಮ ಹಿಂದೆಯೇ ಒಳಗೆ ಬಂದು ಬಾಗಿಲು ಹಾಕಿದ. ತಲೆಯ ರುಮಾಲು ಬಿಚ್ಚಿ ಡಾಕ್ಟರ್ ಬಾಯಾರ ಮೇಜಿನ ಮೇಲೆ ಹಾಸಿದ. ಆತ ಊರಲ್ಲಿ ಯಾರ ಮುಂದೆಯೂ ರುಮಾಲು ತೆಗೆದವನಲ್ಲ. ಚೀಲದಿಂದ ಒಂದೊಂದೇ ತೆಗೆದು ಅದರ ಮೇಲೆ ಸಾಲಾಗಿ ಇಟ್ಟ. ಮೊದಲನೆಯದರ ಮೇಲೆ ಬೆರಳು ಊರಿದ.

“ಇದು... ಜೀರಗಿ.”

ನನ್ನ ಹೆಂಡತಿ ನನ್ನ ಮುಖ ನೋಡಿದಳು. ಸಣ್ಣಂದು, ಉದ್ದಂದು!

“ಇದು ಅಜವಾನ. ಇದು ಒಣ ಶುಂಠಿ. ಇದು ದಾಳಿಂಬರ ಸಿಪ್ಪಿ. ಇದು ಬಿಲ್ವದ ಎಳೀ ಕಾಯಿ. ಇದು ಬೇವಿನ ಚಿಗುರು.”

ಎರಡು ತಿಂಗಳು ನಾನು ಯಾವ ಘನಂದಾರಿ ಗುಟ್ಟಿಗೆ ತಲೆ ಕೆಡಿಸಿಕೊಂಡಿದ್ದೆನೋ ಅದರ ಅರ್ಧ ಭಾಗ ನನ್ನದೇ ಅಡುಗೆಮನೆಯ ಡಬ್ಬಿಯಲ್ಲಿತ್ತು! ನಗು ಬರಬೇಕಿತ್ತು. ಆದರೆ ಒಂದೊಂದು ಹೆಸರು ಹೇಳಿದಾಗಲೂ ಮಾಮಾನ ಹೆಗಲು ಸ್ವಲ್ಪ ಸ್ವಲ್ಪ ಕುಸಿಯುತ್ತಿತ್ತು. ಡಾಕ್ಟರ್ ಬಾಯಾರೂ ನಗಲಿಲ್ಲ. ಎಷ್ಟು ಹಾಕುತ್ತಿದ್ದಿರಿ, ಎಷ್ಟು ದಿನ ಎಂದು ಕೇಳಿ ಕೇಳಿ ಬರೆದುಕೊಂಡರು. ಕೊನೆಗೆ ಒಂದು ಕಂದು ಬೇರು ಉಳಿಯಿತು.

“ಇದರ ಹೆಸರೇನ್ರಿ, ಹಿರಿಯಾರ?”

ಮಾಮಾ ಬೇರನ್ನು ಕೈಗೆ ತಗೊಂಡ. ತಿರುಗಿಸಿ ತಿರುಗಿಸಿ ನೋಡಿದ. ನಾನು ಕಾದೆ. ಇದೊಂದನ್ನಾದರೂ ಉಳಿಸಿಕೊಳ್ಳುತ್ತಾನೆ ಎಂದುಕೊಂಡೆ.

“ಇದರ ಹೆಸರು ನನಗೂ ಗೊತ್ತಿಲ್ಲ ಯವ್ವಾ” ಎಂದ. “ನಮ್ಮಪ್ಪ ಬೆರಳು ಮಾಡಿ ತೋರಿಸಿದಾ, ಹೇಳಲಿಲ್ಲ. ಗೊತ್ತಿದ್ದರ ಇದನ್ನೂ ಹೇಳತಿದ್ದೆ. ದೇವರಾಣಿ ಹೇಳತಿದ್ದೆ. ನನ್ನ ತಂಗಿ ಮಗನ್ನ ಉಳಸವಾ.”

ಅರವತ್ತೈದು ದಾಟಿದ ಮನುಷ್ಯ ಬರಿತಲೆಯಲ್ಲಿ ನಿಂತು ಅಳುವುದನ್ನು ನಾನು ಅವತ್ತೇ ನೋಡಿದ್ದು. ನನಗೆ ಆತನ ಮೇಲೆ ಇದ್ದ ಸಿಟ್ಟೆಲ್ಲ ನನ್ನ ಮೇಲೇ ತಿರುಗಿತು.

ಡಾಕ್ಟರ್ ಬಾಯಾರು ಎದ್ದು ಬಂದು ಆತನನ್ನು ಕುರ್ಚಿಯಲ್ಲಿ ಕೂಡಿಸಿದರು. ಹೆಸರಿಲ್ಲದ ಬೇರು ಬೇಡವೇ ಬೇಡ ಎಂದರು. ಬೇವು ಇಷ್ಟು ದಿನ ಇಷ್ಟೊಂದು ಬೇಡ. ಮೊದಲಿನ ಗುಳಿಗೆಯೂ ಬೇಡ. ರಕ್ತ ಸರಿಹೋದ ಮೇಲೆ ಜೀರಿಗೆ, ಅಜವಾನದ ತೆಳು ಮಜ್ಜಿಗೆ ಬೇಕಾದಷ್ಟು ಕುಡಿಯಲಿ ಎಂದರು. ವಾರ ವಾರ ರಕ್ತ ನೋಡಿದರು. ಹಳದಿ ಇಳಿಯಿತು, ಹಸಿವೆ ಬಂತು, ನಾನು ಬದುಕಿದೆ.

ಮಾಮಾ ಮಾತ್ರ ಅಂದಿನಿಂದ ಔಷಧ ಕೊಡುವುದನ್ನು ಬಿಟ್ಟ. ಶಿರಹಟ್ಟಿಯ ಸಾಹೇಬರು ಪಿತ್ತಕ್ಕೆಂದು ಡೋಣಿಯ ತನಕ ಹೋಗಿ ಬರಿಗೈಯಲ್ಲಿ ಬಂದರು. ಲಕ್ಷ್ಮೇಶ್ವರದ ಚಾಚಾ ಹೋಗಿ ಬಂದು ನನ್ನನ್ನೇ ತರಾಟೆಗೆ ತಗೊಂಡರು. “ಹೆಸರು ಹೇಳೇನಿ, ಕೈಯಾಗ ಏನೂ ಉಳದಿಲ್ಲ. ಡಾಕ್ಟರ್ ಕಡೆ ಹೋಗ್ರಿ” ಎಂದು ಎಲ್ಲರಿಗೂ ಒಂದೇ ಮಾತು. ಗುಡ್ಡ ಹತ್ತುವುದೂ ನಿಂತಿತ್ತು. ಇದೆಂಥ ಹಟ ನೋಡಿ! ಹೆಸರು ಹೇಳಿದ್ದರಿಂದಲೇ ನಾನು ಉಳಿದೆನಲ್ಲ, ಗುಣ ಹೋಯಿತು ಅನ್ನುವುದು ಹೇಗೆ? ಸಿಟ್ಟು ತಡೆಯಲಾರದೆ ಒಂದು ದಿನ ಪ್ರೆಸ್ಸಿಗೆ ಬೀಗ ಹಾಕಿ, ಕೈ ಕೂಡ ತೊಳೆಯದೆ ಡೋಣಿ ಬಸ್ಸು ಹತ್ತಿದೆ.

ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದ. ಎದುರಿಗೆ ನಿಂತೆ.

“ಹೊಟ್ಟಿ ಉಬ್ಬೇತಿ, ಮಾಮಾ.”

“ಡಾಕ್ಟರ್ ಬಾಯಾರ ಕಡೆ ಹೋಗು.”

ನಾನು ಹೋಗಲಿಲ್ಲ. ನಾಲಗೆ ಚಾಚಿಕೊಂಡು ನಿಂತೆ. ಆತ ಆ ಕಡೆ ಮುಖ ತಿರುಗಿಸಿದ. ನಾನು ಆ ಕಡೆ ಹೋಗಿ ಅಲ್ಲೂ ಚಾಚಿದೆ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು, ನಾನು ಒಳಗೆ ಎಳೆದುಕೊಳ್ಳಲಿಲ್ಲ. ಕಡೆಗೆ ತಡೆಯಲಾರದೆ ಕಣ್ಣು ಸಣ್ಣ ಮಾಡಿ ನೋಡಿಯೇಬಿಟ್ಟ. ಎದ್ದು ಒಳಗೆ ಹೋದ. ಅಡುಗೆಮನೆಯ ಬಾಗಿಲು ಹಾಕಿದ ಸಪ್ಪಳ, ಆಮೇಲೆ ಅರೆಯುವ ಸಪ್ಪಳ. ಎಷ್ಟು ದಿನವಾಗಿತ್ತು ಅದನ್ನು ಕೇಳಿ!

ಹಿತ್ತಾಳೆ ತಂಬಿಗೆ ಹಿಡಿದು ಬಂದು ನನ್ನ ಮುಂದೆ ನಿಂತ.

“ಬರೇ ಮಜ್ಜಿಗಿ ಐತಿ. ಇದರಾಗ...”

ನಾನು ಮಸಿ ಹತ್ತಿದ ಕೈಯಿಂದ ಅವನ ಬಾಯಿ ಮುಚ್ಚಿದೆ. ಬಿಳಿ ಮೀಸೆ ಅರ್ಧ ಕರ್ರಗಾಯಿತು.

“ಹೇಳಬ್ಯಾಡ, ಮಾಮಾ” ಎಂದೆ. “ಹೇಳಿದರ ಗುಣ ಹೋಗತೈತಿ.”

ಮೂಡಲಕ್ಕೆ ಮುಖ ಮಾಡಿ ಒಂದೇ ಗುಟುಕಿಗೆ ಕುಡಿದೆ.